ಬಟ್ಟೆ ಸಿಕ್ಕಿಕೊಳ್ಳುವ ಜಾಗ

ಪುಂತಾ ಅರೇನಾಸ್‌ನಲ್ಲಿ ಜೂನ್ ಎಂದರೆ
ಹತ್ತರ ಹೊತ್ತಿಗೆ ಬೆಳಗು, ಐದೂವರೆಗೆ ಕತ್ತಲು.
ಜಲಸಂಧಿಯ ಗಾಳಿ ಕಿಟಕಿಯ ಬಿರುಕಿಗೆ ಬಾಯಿಟ್ಟು
ಇಡೀ ರಾತ್ರಿ ಊದುತ್ತದೆ.
ಮೂರನೇ ವಾರ್ಡಿನ ನೆಲ
ಪೂರ್ವಕ್ಕೆ ಒಂದು ಬೆರಳಷ್ಟು ವಾಲಿದೆ.
ಕಟ್ಟಿಸಿದವರಿಗೆ ಗೊತ್ತಿಲ್ಲ, ಗಾಲಿಗಳಿಗೆ ಗೊತ್ತು.

ಅವತ್ತು ನಾನು ಬೆನ್ನು ತಿರುಗಿಸಿದ್ದೆ, ಅಷ್ಟೇ.
ಕಂಪ್ಯೂಟರು ಹೊತ್ತ ಗಾಡಿ ತನ್ನ ಪಾಡಿಗೆ ಹೊರಟು,
ಜೋತುಬಿದ್ದ ತಂತಿ ಡ್ರಿಪ್ಪಿನ ಕೊಳವೆಗೆ ಸುತ್ತಿ
ಡಾನ್ ಸೊತೇರೋ ಅವರ ಕೈಯಿಂದ
ಸೂಜಿ ಕಿತ್ತು ಬಂತು.
ಐವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿದ ಕೈ.
ಬಿಳಿ ಹೊದಿಕೆಯ ಮೇಲೆ ಕೆಂಪು.
ಅವರು ಬೈಯಲಿಲ್ಲ. "ಕುರಿಗಳೂ ಹೀಗೇ ಮಗಳೇ,
ಕಟ್ಟದೆ ಬಿಟ್ಟರೆ ಇಳಿಜಾರಿಗೇ ಹೋಗುತ್ತವೆ" ಎಂದರು.
ವರದಿಯಲ್ಲಿ ನಾನೇ ಬರೆದೆ:
ಯಾಸ್ನಾ ಗ್ಲುಸೆವಿಚ್, ರಾತ್ರಿ ಪಾಳಿ, ಅಜಾಗ್ರತೆ.

ಮರುದಿನ ಎಲೆಯುತೇರಿಯೊ ಬಾರಿಯಾ ಬಂದ,
ದುರಸ್ತಿ ವಿಭಾಗದ ಮುದುಕ,
ಮೊದಲು ಚಿಲೋಯೆಯಲ್ಲಿ ದೋಣಿ ಕಟ್ಟುತ್ತಿದ್ದವನು.
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಹೆಜ್ಜೆಗೊಮ್ಮೆ ಗಲಗಲ.
ಹೊಸ ಗಾಡಿ ತರಿಸೋಣ ಅನ್ನಲಿಲ್ಲ.
ತಪ್ಪು ಯಾರದೆಂದೂ ಕೇಳಲಿಲ್ಲ.
ಕೇಳಿದ್ದು ಇಷ್ಟು:
"ಒರೆಸುವಾಗ ನಿನ್ನ ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತೆ?"

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬಾಯಿಗಿಂತ ಮೊದಲು ಬೆರಳೇ ತೋರಿಸಿತು.
ಇಲ್ಲಿ, ತಟ್ಟೆಯಂಚಿನ ಈ ತಿರುಪಿನ ತಲೆಯಲ್ಲಿ.
ಇಲ್ಲಿ, ಹಿಡಿಕೆಗೂ ಹಲಗೆಗೂ ನಡುವೆ
ಉಗುರು ತೂರದ ಸಂದಿಯಲ್ಲಿ.
ಮತ್ತೆ ಇಲ್ಲಿ, ಕೀಲಿನ ಕೆಳಗೆ, ಕಣ್ಣಿಗೆ ಕಾಣುವುದಿಲ್ಲ,
ಹರಿದ ನೂಲೆಳೆ ಮಾತ್ರ ಉಳಿದಿರುತ್ತದೆ.
ಈ ಡ್ರಾಯರಂತೂ, ಒಂದೊಂದು ಮಾತ್ರೆಗೂ ಒಂದೊಂದು ಗುಂಡು,
ಆರು ಮಂಚದಲ್ಲಿ ಆರು ಜನ ಬೆಚ್ಚಿ ಕೂರುತ್ತಾರೆ.

ಕನ್ನಡಕ ಹಣೆಗೇರಿಸಿ ಕಡ್ಡಿಯಲ್ಲಿ ಕೆದಕಿದ.
ತಿರುಪಿನ ತಲೆಯ ಗುಳಿಯಲ್ಲಿ ಕಂದು ಬಣ್ಣದ ಏನೋ.
ಸಿರಪ್ಪೋ? ರಕ್ತವೋ? ಯಾವ ವರ್ಷದ್ದು?
"ದೋಣಿ ಕೊಳೆಯುವುದು ಹಲಗೆಯ ನಡುವಲ್ಲ,
ಮೊಳೆಯ ಸುತ್ತ.
ಉಪ್ಪು ಮೊದಲು ಮನೆ ಮಾಡೋದು ಅಲ್ಲೇ."

ಡಬ್ಬಿ ತೆರೆದ.
ತುಕ್ಕು ಹಿಡಿಯದ ಉಕ್ಕಿನ ಬಟಾಣಿ ಗಾತ್ರದ ಟೋಪಿಗಳು,
ಸಂದಿ ತುಂಬುವ ಮೆತ್ತನೆ ರಬ್ಬರು,
ತಂತಿಯನ್ನು ಕಂಬಕ್ಕೆ ಅಪ್ಪಿಸುವ ಕೊಕ್ಕೆ,
ಡ್ರಾಯರನ್ನು ಕೊನೆಯ ನಾಲ್ಕು ಬೆರಳಲ್ಲಿ ತಡೆದು
ಮೆಲ್ಲಗೆ ಒಳಗೆಳೆದುಕೊಳ್ಳುವ, ಎಣ್ಣೆ ಕುಡಿದ ಪುಟ್ಟ ಕೊಳವೆ.
ಕಾಲ್ತುದಿಯಲ್ಲಿ ಒತ್ತಿದರೆ ನೆಲ ಕಚ್ಚುವ
ಎರಡು ಗಾಲಿಗಳನ್ನು ಬಿಟ್ಟರೆ
ಎಲ್ಲ ಸೇರಿ ಒಂದು ಬೊಗಸೆ ತುಂಬದು.

ಗಾಡಿಯನ್ನು ಕುರಿಯಂತೆ ಅಡ್ಡ ಮಲಗಿಸಿದ.
ಡಾನ್ ಸೊತೇರೋ ದಿಂಬಿನಿಂದ ತಲೆಯೆತ್ತಿ
"ಹೊಟ್ಟೆಯಿಂದ ಶುರುಮಾಡು" ಎಂದರು.
ಅವನು ಹಾಗೇ ಮಾಡಿದ.

ಈಗ ರಾತ್ರಿ ಮೂರು.
ಡ್ರಾಯರು ಮುಚ್ಚುತ್ತೇನೆ, ಯಾರೂ ಹೊರಳುವುದಿಲ್ಲ.
ಬಟ್ಟೆ ಈ ಅಂಚಿನಿಂದ ಆ ಅಂಚಿಗೆ
ಟೋಪಿಗಳನ್ನು ಹತ್ತಿ ಇಳಿದು ಸಾಗುತ್ತದೆ.
ಹಳೆಯ ಜಾಗ ಬಂದಾಗ ಕೈ ತಾನಾಗಿ ತಡೆಯುತ್ತದೆ,
ಏನೂ ಸಿಗದೆ
ತುಸು ಪೆಚ್ಚಾಗಿ ಮುಂದೆ ಹೋಗುತ್ತದೆ.

ಬಾರದೆ ಹೋದ ಜ್ವರಕ್ಕೆ ವರದಿಯಲ್ಲಿ ಜಾಗವಿಲ್ಲ.
ಕಿತ್ತುಬಾರದ ಸೂಜಿಗೆ ಸಹಿ ಹಾಕುವವರಿಲ್ಲ.

ಒಂದು ಮಾತ್ರ ಬಾಕಿ:
ಕೀಲಿಮಣೆಯ ಕೆಳಗೆ, ಎಡಮೂಲೆಯ ತಿರುಪು, ಅಳತೆ ಬೇರೆ.
ಅದರ ಟೋಪಿ ಪ್ವೆರ್ತೊ ಮೊಂತ್‌ನಿಂದ ಹಡಗಲ್ಲಿ ಬರಬೇಕು,
ಗಾಳಿಗೆ ಬಂದರು ಮುಚ್ಚಿದೆ.
ಎಲೆಯುತೇರಿಯೊ ಅದರ ಪಕ್ಕ
ಕೆಂಪು ಬಣ್ಣದ ಚುಕ್ಕಿಯೊಂದನ್ನಿಟ್ಟು ಹೋಗಿದ್ದಾನೆ.
ಹತ್ತಿಕಡ್ಡಿಯನ್ನು ಸ್ಪಿರಿಟ್ಟಿಗೆ ಅದ್ದಿ
ಪಾಳಿಗೆ ಎರಡು ಸಲ
ಅದೊಂದನ್ನು ನಾನೇ ಕೆದಕುತ್ತೇನೆ.